ಸ್ಕೀ ಟೂರಿಂಗ್‌ಗೆ ಹೊಸಬರು ಜಾಗ ಹುಡುಕುವಾಗ ಹೆಸರಿಗಿಂತ ಮೊದಲು ಡಿಗ್ರಿ ನೋಡಿ
ರೆಸಾರ್ಟಿನಲ್ಲಿ ಚೆನ್ನಾಗಿ ಸ್ಕೀ ಮಾಡುತ್ತೀರಿ, ಇನ್ನು ಲಿಫ್ಟ್ ಬಿಟ್ಟು ನಿಮ್ಮದೇ ಕಾಲಿನಿಂದ ಬೆಟ್ಟ ಹತ್ತಿ ಇಳಿಯಬೇಕು, ಹೊಸಬರಿಗೆ ಸರಿಹೊಂದುವ ಜಾಗ ಹೇಗೆ ಹುಡುಕುವುದು ಎಂದು ಕೇಳಿದ್ದೀರಿ. ನಾಲ್ಕು ಬೆಟ್ಟದ ಹೆಸರು ಹೇಳಿಬಿಡಬಹುದು. ಆದರೆ ಇವತ್ತು ನಿರಪಾಯವಾಗಿರುವ ಬೆಟ್ಟವೇ ಎರಡು ದಿನ ಗಾಳಿಯ ಜೊತೆ ಹಿಮ ಸುರಿದ ಮೇಲೆ ಕಾಲಿಡಬಾರದ ಜಾಗವಾಗಿರುತ್ತದೆ. ಹಾಗಾಗಿ ನಾನು ಹುಡುಕುವ ಬಗೆಯನ್ನೇ ಹೇಳುತ್ತೇನೆ.

ನಾನು ಮೊದಲು ನೋಡುವುದು ಇಳಿಜಾರಿನ ಡಿಗ್ರಿ. ಸ್ಕೀ ಮಾಡುವವರ ಜೀವ ತೆಗೆಯುವ ಹಿಮಕುಸಿತಗಳಲ್ಲಿ ಹೆಚ್ಚಿನವು ಗಟ್ಟಿ ಪದರವೊಂದು ಕೆಳಗಿನ ದುರ್ಬಲ ಪದರದ ಮೇಲಿಂದ ಹಲಗೆಯಂತೆ ಕಿತ್ತು ಜಾರುವಂಥವು. ಅವು ಹೆಚ್ಚಾಗಿ ಶುರುವಾಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಹೊಸಬರು 25 ಡಿಗ್ರಿಯೊಳಗೇ ಇರಲಿ ಎಂಬುದು ನನ್ನ ಮಾತು. ಅಷ್ಟು ಇಳಿಜಾರಿನಲ್ಲೂ ಮೆತ್ತನೆಯ ಹೊಸ ಹಿಮದ ಮೇಲೆ ಇಳಿಯುವ ಸಂತೋಷಕ್ಕೆ ಕೊರತೆಯಿಲ್ಲ.

ಆದರೆ ನೀವು ನಿಂತ ಜಾಗ ಸಪಾಟಾಗಿದ್ದ ಮಾತ್ರಕ್ಕೆ ಕ್ಷೇಮವಲ್ಲ. ಹೊಸಬರಿಗೆ ಯಾರೂ ಸಾಕಷ್ಟು ಒತ್ತಿ ಹೇಳದ ವಿಷಯ ಇದು. ಮೇಲೆ ಕಡಿದಾದ ಇಳಿಜಾರಿದ್ದರೆ ಅಲ್ಲಿಂದ ಜಾರಿದ ಹಿಮ ಕೆಳಗಿನ ಸಮತಟ್ಟಿನ ಮೇಲೂ ದೂರದವರೆಗೆ ಹರಿದು ಬರುತ್ತದೆ. ದುರ್ಬಲ ಪದರ ಹರಡಿರುವ ದಿನಗಳಲ್ಲಿ, ಬುಡದಲ್ಲಿ ನಡೆದವರ ಭಾರಕ್ಕೇ ಮೇಲಿನದು ಕಿತ್ತು ಬರುವುದೂ ಉಂಟು. ಕೆಳಗೇನಿದೆ ಎಂಬುದನ್ನೂ ನೋಡಿ: ಇಕ್ಕಟ್ಟಾದ ಹಳ್ಳವಿದ್ದರೆ ಚಿಕ್ಕ ಕುಸಿತವೂ ಅಲ್ಲಿ ಆಳವಾಗಿ ರಾಶಿ ಬಿದ್ದು ಮನುಷ್ಯನನ್ನು ಹೂತುಬಿಡುತ್ತದೆ.

ಇದನ್ನೆಲ್ಲ ಮನೆಯಲ್ಲೇ ಕೂತು ನಕ್ಷೆಯಲ್ಲಿ ಅಳೆಯಬಹುದು. 1:25,000 ಪ್ರಮಾಣದ ನಕ್ಷೆಯಲ್ಲಿ ಕಾಂಟೂರ್ ಗೆರೆಗಳು (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು) 20 ಮೀಟರ್ ಎತ್ತರಕ್ಕೊಂದರಂತೆ ಇದ್ದರೆ, 30 ಡಿಗ್ರಿ ಇಳಿಜಾರಿನಲ್ಲಿ ಎರಡು ಗೆರೆಗಳ ನಡುವಿನ ಅಂತರ ಸುಮಾರು 1.4 ಮಿಲಿಮೀಟರ್. 25 ಡಿಗ್ರಿಯಾದರೆ 1.7. ಗೆರೆಗಳು ಅದಕ್ಕಿಂತ ಒತ್ತಾಗಿ ಕಂಡ ಕಡೆ ಬೇಡ. ಇಳಿಜಾರಿಗೆ ಬಣ್ಣ ಹಚ್ಚಿ ತೋರಿಸುವ ಡಿಜಿಟಲ್ ನಕ್ಷೆಗಳಿದ್ದರೆ ಕೆಲಸ ಇನ್ನೂ ಹಗುರ. ದಾರಿಯನ್ನಷ್ಟೇ ನೋಡಿ ನಿಲ್ಲಿಸಬೇಡಿ, ಅದರ ಮೇಲ್ಭಾಗವನ್ನು ಶಿಖರದ ತನಕ ನೋಡಿ. ಒಂದು ಎಚ್ಚರಿಕೆ: ಹತ್ತು ಮೀಟರ್ ಎತ್ತರದ ಕಡಿದಾದ ದಿಬ್ಬ 20 ಮೀಟರಿನ ಎರಡು ಗೆರೆಗಳ ನಡುವೆ ಪೂರ್ತಿ ಅಡಗಿಕೊಂಡಿರಬಹುದು. ಅಲ್ಲಿಗೆ ಹೋದ ಮೇಲೆ ಕಣ್ಣೇ ಅಳತೆಗೋಲು.

ಕೆಲವು ಪ್ರದೇಶಗಳಲ್ಲಿ ಈ ಕೆಲಸವನ್ನು ಬಲ್ಲವರು ಮೊದಲೇ ಮಾಡಿಟ್ಟಿದ್ದಾರೆ. ಕೆನಡಾದಲ್ಲಿ 2003ರ ಒಂದು ಹಿಮಕುಸಿತದಲ್ಲಿ ಏಳು ವಿದ್ಯಾರ್ಥಿಗಳು ತೀರಿಕೊಂಡ ಮೇಲೆ, ಅಲ್ಲಿನ ರಾಷ್ಟ್ರೀಯ ಉದ್ಯಾನಗಳ ಇಲಾಖೆ ದಾರಿಗಳನ್ನು ಸರಳ, ಸವಾಲಿನವು, ಸಂಕೀರ್ಣ ಎಂದು ವಿಂಗಡಿಸುವ ಪದ್ಧತಿ ತಂದಿತು. ಅಂಥ ವಿಂಗಡಣೆ ಸಿಕ್ಕರೆ ನಿಮ್ಮ ಪಾಲಿನದು ಸರಳ ಎಂಬ ಗುಂಪು ಮಾತ್ರ.

ಜಾಗ ಆರಿಸಿದ ಮೇಲೆ ದಿನ ಆರಿಸಬೇಕು. ಹಿಮಕುಸಿತದ ಮುನ್ಸೂಚನೆಯಲ್ಲಿ ಅಪಾಯಕ್ಕೆ ಐದು ಹಂತಗಳಿರುತ್ತವೆ. ಮೂರು ಎಂದರೆ ಐದರಲ್ಲಿ ನಡುವಿನದು, ಪರವಾಗಿಲ್ಲ ಎಂದು ತಿಳಿಯುವವರಿದ್ದಾರೆ. ಸಾವುಗಳಲ್ಲಿ ದೊಡ್ಡ ಪಾಲು ಆಗುವುದು ಆ ಮೂರರ ದಿನಗಳಲ್ಲೇ. ನೀವು ಒಂದು, ಎರಡರ ದಿನಗಳಲ್ಲಿ ಹೊರಡಿ. ಅಂಕಿಯ ಕೆಳಗಿನ ವಿವರವನ್ನೂ ಓದಿ. ಯಾವ ದಿಕ್ಕಿನ, ಯಾವ ಎತ್ತರದ ಇಳಿಜಾರು ಕೆಟ್ಟಿದೆ ಎಂದು ಬರೆದಿರುತ್ತಾರೆ. ಬೆಟ್ಟದಲ್ಲಿ ಬೇರೆಯವರ ಸ್ಕೀ ಗುರುತು ಕಂಡರೆ ಅದು ಸುರಕ್ಷತೆಗೆ ಪುರಾವೆಯಲ್ಲ.

ಮೊದಲ ಕೆಲವು ಸಲ ಮಾತ್ರ ಬೇರೆಲ್ಲೂ ಹುಡುಕಬೇಡಿ. ಹತ್ತುವವರಿಗೆಂದೇ ಗುರುತು ಹಾಕಿದ ದಾರಿ ಇರುವ ರೆಸಾರ್ಟಿಗೇ ಹೋಗಿ. ಹತ್ತುವಾಗ ಹಿಂದಕ್ಕೆ ಜಾರದಂತೆ ಸ್ಕೀ ಅಡಿಗೆ ಸ್ಕಿನ್ ಎಂಬ ಪಟ್ಟಿ ಅಂಟಿಸುವುದು, ಕಡಿದಾದ ತಿರುವಿನಲ್ಲಿ ಒಂದೊಂದೇ ಸ್ಕೀ ಎತ್ತಿ ತಿರುಗಿಸುವ ಕಿಕ್ ಟರ್ನ್ ಮಾಡುವುದು, ತುದಿಯಲ್ಲಿ ಗಾಳಿಗೆ ಬೆರಳು ಮರಗಟ್ಟುವಾಗ ಸ್ಕಿನ್ ಬಿಚ್ಚಿ, ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗನ್ನು ಇಳಿಯುವ ಸ್ಥಿತಿಗೆ ಬದಲಿಸುವುದು, ಎಲ್ಲ ಅಲ್ಲೇ ಕೈಗೆ ಹತ್ತಲಿ. ನಂತರ ಕಾಡಿನ ರಸ್ತೆ, ಅಗಲವಾದ ಹುಲ್ಲುಗಾವಲಿನ ಇಳಿಜಾರು. ಗಂಟೆಗೆ 300 ಮೀಟರ್ ಏರಿದರೆ ಒಳ್ಳೆಯ ವೇಗ, ಆದ್ದರಿಂದ ಒಟ್ಟು ಏರು 500 ಮೀಟರ್ ಆಸುಪಾಸಿನಲ್ಲಿರುವ ದಾರಿ ಆರಿಸಿ.

ಟ್ರಾನ್ಸೀವರ್ (ಹೂತುಹೋದವರನ್ನು ಹುಡುಕಲು ಸಂಕೇತ ಕಳಿಸುವ, ಹಿಡಿಯುವ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದನೆಯ ಕೋಲು), ಸಲಿಕೆ ಗುಂಪಿನ ಪ್ರತಿಯೊಬ್ಬರ ಬಳಿಯೂ ಇರಬೇಕು, ಬಳಸಿ ಅಭ್ಯಾಸವೂ ಇರಬೇಕು. ಪೂರ್ತಿ ಹೂತುಹೋದವರು ಬದುಕುವ ಸಾಧ್ಯತೆ ಮೊದಲ ಹತ್ತು ಹದಿನೈದು ನಿಮಿಷಗಳ ನಂತರ ಥಟ್ಟನೆ ಕುಸಿಯುತ್ತದೆ. ರಕ್ಷಣಾ ತಂಡ ಅಷ್ಟರೊಳಗೆ ಬರುವುದು ತೀರಾ ಅಪರೂಪ, ಅಗೆದು ತೆಗೆಯಬೇಕಾದವರು ಜೊತೆಯಲ್ಲಿದ್ದವರೇ. ಹಿಮಕುಸಿತ ಸುರಕ್ಷತೆಯ ತರಬೇತಿ ಮುಗಿಸಿ, ಮೊದಲ ಟೂರನ್ನು ಗೈಡ್ ಜೊತೆ ಮಾಡಿ. ಆಗ ನೀವು ನಕ್ಷೆಯಲ್ಲಿ ಆರಿಸಿದ ಎರಡು ಮೂರು ಜಾಗಗಳನ್ನು ಅವರ ಮುಂದಿಟ್ಟು, ಪ್ರತಿಯೊಂದರಲ್ಲೂ ಏನು ಕಾಣದೆ ಬಿಟ್ಟಿದ್ದೇನೆ ಎಂದು ಕೇಳಿ.