ಬಾಡ್ಮಿನ್ ಬಯಲಿನ ಕರಿಚಿರತೆ

ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿರುವ ನಿಮ್ಮ ತಂಗಿ ಸಂಜೆ ಹೊತ್ತು ಕರಿಚಿರತೆ ನೋಡಿದ್ದು ನಿಜ ಇರಬಹುದಾ ಅಂತ ಕೇಳಿದ್ದೀರಿ. ಅವರು ಸುಳ್ಳು ಹೇಳುತ್ತಿಲ್ಲ, ಆದರೂ ನಾನಂತೂ ನಂಬುವುದಿಲ್ಲ. ಅಲ್ಲಿನ ಬಾಡ್ಮಿನ್ ಮೂರ್ ಅನ್ನೋ ಬಯಲಿನಲ್ಲಿ ಇದೆ ಅಂತ ಜನ ಹೇಳುವ ಈ ಪ್ರಾಣಿಯ ಬಗ್ಗೆ 1995ರಲ್ಲಿ ಬ್ರಿಟನ್ನಿನ ಕೃಷಿ ಇಲಾಖೆಯೇ ತನಿಖೆ ಮಾಡಿತ್ತು. ಗಟ್ಟಿ ಪುರಾವೆ ಸಿಗಲಿಲ್ಲ. ಇಲ್ಲವೇ ಇಲ್ಲ ಅಂತಲೂ ಅವರು ಹೇಳಲಿಲ್ಲ ಬಿಡಿ.

ತಮಾಷೆ ಅಂದರೆ, ವರದಿ ಬಂದ ಕೆಲವೇ ದಿನಗಳಲ್ಲಿ ಅಲ್ಲಿನ ಫೋವಿ ಹೊಳೆಯಲ್ಲಿ ಹುಡುಗನೊಬ್ಬನಿಗೆ ತಲೆಬುರುಡೆ ಸಿಕ್ಕಿತು! ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನವರು ನೋಡಿದರು. ಚಿರತೆಯದ್ದೇ. ಆದರೆ ಒಳಗೆ ಬಿಸಿಲು ನಾಡಿನ ಜಿರಳೆಯ ಮೊಟ್ಟೆಚೀಲ ಇತ್ತು. ಹಾಗಾಗಿ ಅದು ಹೊರದೇಶದಿಂದ ಬಂದ ಚಿರತೆ ಚರ್ಮದ ಹಾಸಿನ ತಲೆ ಅಂತ ಅವರು ಹೇಳಿದರು.

ಮಬ್ಬು ಬೆಳಕಲ್ಲಿ, ದೂರದಿಂದ, ಕರಿ ಬೆಕ್ಕೂ ಚಿರತೆಯೇ ಅಲ್ವಾ? ಮತ್ತೆ ಕಂಡರೆ ಫೋಟೋದಲ್ಲಿ ಪಕ್ಕದ ಬೇಲಿ ಕಂಬವೂ ಬರಲಿ, ಗಾತ್ರ ಅಳೆಯಬಹುದು.