ಭರ್ತಿ ಮಾಡಿಕೊಂಡ ಹುಡುಗ ಪದವಿ ಸಮಾರಂಭಕ್ಕೆ ಕರೆದಾಗ

ಹಾವೇರಿ ಜಿಲ್ಲೆಯ ನಿವೃತ್ತ ಸುಬೇದಾರರೊಬ್ಬರು ಬರೆದಿದ್ದಾರೆ: ತಾವು ಸೇನಾ ಭರ್ತಿ ಕಚೇರಿಯಲ್ಲಿದ್ದಾಗ ಸಿಪಾಯಿಯಾಗಿ ಆಯ್ಕೆಯಾದ ಹುಡುಗ ಈಗ ಸಿಪಾಯಿಗಳನ್ನು ಅಧಿಕಾರಿಗಳಾಗಲು ಸಿದ್ಧಪಡಿಸುವ ಡೆಹ್ರಾಡೂನಿನ ಆರ್ಮಿ ಕೆಡೆಟ್ ಕಾಲೇಜಿನಲ್ಲಿ (ಎಸಿಸಿ) ಪದವಿ ಮುಗಿಸುತ್ತಿದ್ದಾನೆ, ಸಮಾರಂಭಕ್ಕೆ ಕರೆದಿದ್ದಾನೆ. ಹೋದರೆ ಜನ ತಪ್ಪು ತಿಳಿಯುತ್ತಾರೆಯೇ? ಅಂದೇ ಅವನ ಹೆಗಲಿಗೆ ಅಧಿಕಾರಿಯ ಸ್ಟಾರ್ ಬೀಳುತ್ತದೆಯೇ? ಸೆಲ್ಯೂಟ್ ಮಾಡಬೇಕೇ?

ಸುಬೇದಾರ್ ಸಾಹೇಬರೇ, ಖಂಡಿತ ಹೋಗಿ. ಸ್ಟಾರ್ ಮಾತ್ರ ಅಂದು ಬೀಳುವುದಿಲ್ಲ. ಎಸಿಸಿಯಲ್ಲಿ 3 ವರ್ಷ ಓದಿದವರಿಗೆ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದ ಬಿಎ ಅಥವಾ ಬಿಎಸ್ಸಿ ಪದವಿ ಸಿಗುತ್ತದೆ. ಆ ಸಮಾರಂಭ ಖೇತರ್‌ಪಾಲ್ ಸಭಾಂಗಣದಲ್ಲಿ ನಡೆಯುತ್ತದೆ. ಅದಾದ ಮೇಲೆ ಭಾರತೀಯ ಮಿಲಿಟರಿ ಅಕಾಡೆಮಿಯಲ್ಲಿ ಇನ್ನೂ 1 ವರ್ಷದ ತರಬೇತಿ. ಚೆಟ್‌ವುಡ್ ಕಟ್ಟಡದ ಮುಂದೆ ಪಾಸಿಂಗ್ ಔಟ್ ಪರೇಡ್ ಮುಗಿಸಿ ಕೆಡೆಟ್ ಆಗಿ ಇಡುವ ಕೊನೆಯ ಹೆಜ್ಜೆಯಾದ 'ಅಂತಿಮ್ ಪಗ್' ದಾಟಿದ ಮೇಲೆಯೇ ಅವನು ಲೆಫ್ಟಿನೆಂಟ್. ಎರಡನ್ನೂ ಒಂದೇ ಎಂದುಕೊಂಡ ಮನೆಯವರು ಒಂದು ವರ್ಷ ಮೊದಲೇ ಸ್ಟಾರ್ ತೊಡಿಸಲು ಹೊರಡುವುದುಂಟು. ದಿನಾಂಕವನ್ನು ಹುಡುಗನಿಂದಲೇ ಖಚಿತ ಮಾಡಿಕೊಂಡು ಟಿಕೆಟ್ ಮಾಡಿಸಿ. ಡಿಸೆಂಬರ್ ಆದರೆ ಉತ್ತರದ ಮಂಜಿಗೆ ರೈಲು ತಡವಾಗುತ್ತದೆ, ಒಂದು ದಿನ ಮೊದಲೇ ತಲುಪಿ.

ಪಾಸ್ ಇಲ್ಲದೆ ಗೇಟ್ ದಾಟಲಾಗದು. ಹೆಸರನ್ನು ಕೆಡೆಟ್ಟೇ ಮುಂಚಿತವಾಗಿ ಕೊಡಬೇಕು. ಗುರುತಿನ ಚೀಟಿಯಲ್ಲಿ ಇದ್ದಂತೆಯೇ ಬರೆದು ಕಳಿಸಿ. ಮುಂದಿನ ವರ್ಷ ಪರೇಡಿಗೂ ಕರೆದರೆ, ಅಪ್ಪ-ಅಮ್ಮನಿಗೆ ಪಾಸ್ ಸಿಕ್ಕಿದ ಮೇಲೆ ಉಳಿದರಷ್ಟೇ ಒಪ್ಪಿಕೊಳ್ಳಿ. ಸ್ಟಾರ್ ತೊಡಿಸುವ ಕೈ ಅವರದೇ ಆಗಿರಲಿ.

ಯೂನಿಫಾರ್ಮ್ ಬೇಡ. ಕೋಟು ಅಥವಾ ಬಂದ್‌ಗಲಾ, ಎಡ ಎದೆಗೆ ನಿಮ್ಮ ಮೆಡಲ್‌ಗಳು. ಸೆಲ್ಯೂಟಿನ ಪ್ರಶ್ನೆ ಈ ಬಾರಿ ಹುಟ್ಟುವುದಿಲ್ಲ, ಅವನಿನ್ನೂ ಕೆಡೆಟ್. ಅಧಿಕಾರಿಯಾದ ಮೇಲೂ, ಸಿವಿಲ್ ಉಡುಪಿನಲ್ಲಿ ಬರಿದಲೆಯಲ್ಲಿರುವ ನೀವು ನೆಟ್ಟಗೆ ನಿಂತು 'ಜೈ ಹಿಂದ್' ಅಂದರೆ ಸಾಕು. ಅವನೂ ನಿಮ್ಮನ್ನು 'ಸಾಬ್' ಅಂತಲೇ ಕರೆಯುತ್ತಾನೆ.

ಜನ ಏನು ತಿಳಿಯುತ್ತಾರೆ ಎಂಬ ನಿಮ್ಮ ಆತಂಕವೇ ನಿಜಕ್ಕೂ ಗಂಭೀರವಾದದ್ದು. ಊರಿನಲ್ಲಿ ಯಾರಾದರೂ ಪ್ರೀತಿಯಿಂದಲೇ 'ಇವನನ್ನು ಮಿಲ್ಟ್ರಿಗೆ ಸೇರಿಸಿದ್ದು ಇವರೇ' ಅಂದುಬಿಡುತ್ತಾರೆ. ಒಳಗೊಬ್ಬರು ಗೊತ್ತಿದ್ದರೆ ಕೆಲಸ ಆಗುತ್ತದೆ ಎಂಬ ಆ ನಂಬಿಕೆಯ ಮೇಲೆಯೇ ಭರ್ತಿ ದಲ್ಲಾಳಿಗಳು ಬದುಕುವುದು. ಹೊಲ ಅಡವಿಟ್ಟು ಅವರಿಗೆ ದುಡ್ಡು ಕಟ್ಟುವ ತಂದೆಯರಿದ್ದಾರೆ. ಆದ್ದರಿಂದ ಪ್ರಯಾಣದ ಖರ್ಚು ನಿಮ್ಮದೇ ಇರಲಿ. ಶಾಲು, ಹಣ್ಣು ಸರಿ, ಅದಕ್ಕಿಂತ ದೊಡ್ಡ ಉಡುಗೊರೆ ಬೇಡ. ಊರಿನಲ್ಲಿ ಹುಡುಗನಿಗೆ ಸನ್ಮಾನ ನಡೆದು ಮೈಕು ಕೈಗೆ ಬಂದರೆ ಲೆಕ್ಕವನ್ನೇ ಹೇಳಿ: 1.6 ಕಿಲೋಮೀಟರನ್ನು 5 ನಿಮಿಷ 30 ಸೆಕೆಂಡಿನೊಳಗೆ ಓಡಿದರೆ 60 ಅಂಕ, ಬೀಮ್ (ಕಂಬಿಗೆ ಜೋತು ಮೈ ಮೇಲೆತ್ತುವುದು) 10 ಎಳೆದರೆ 40, ಜೊತೆಗೆ ಮೆಡಿಕಲ್, ಲಿಖಿತ ಪರೀಕ್ಷೆಯ ಮೆರಿಟ್. ಗಡಿಯಾರ ಹಿಡಿದವರು ನೀವಿರಬಹುದು, ಓಡಿದವನು ಅವನು.

ಆ ಸನ್ಮಾನದಲ್ಲಿ ರಜೆಗೆ ಬಂದ ಸಿಪಾಯಿಗಳೂ ಇರುತ್ತಾರೆ. ಎಸಿಸಿ ದಾರಿಯೊಂದಿದೆ ಎಂಬುದು ಅವರಲ್ಲಿ ಅನೇಕರಿಗೆ ತಿಳಿದಿರುವುದಿಲ್ಲ. ಪಿಯುಸಿ ಪಾಸಾಗಿ, 2 ವರ್ಷ ಸೇವೆ ತುಂಬಿ, ವಯಸ್ಸು 20ರಿಂದ 27ರೊಳಗಿದ್ದರೆ ಅರ್ಜಿ ಹಾಕಬಹುದು. ಲಿಖಿತ ಪರೀಕ್ಷೆ ಗೆದ್ದವರಿಗೆ ಅಧಿಕಾರಿಗಳನ್ನು ಆಯ್ಕೆ ಮಾಡುವ ಮಂಡಳಿಯಾದ ಎಸ್‌ಎಸ್‌ಬಿಯ ಸಂದರ್ಶನ. ಅರ್ಜಿ ತಮ್ಮ ಯೂನಿಟ್ ಮೂಲಕವೇ ಹೋಗಬೇಕೆಂದೂ ಅವರಿಗೆ ತಿಳಿಸಿ.