ಅಮ್ಮ ಫೋನ್ ಡಾಕ್ಟರನ್ನು ನಂಬೋದಿಲ್ಲ ಅಂದವರಿಗೆ
ಪಾವಗಡದಲ್ಲಿರುವ ನಿಮ್ಮ ತಾಯಿ ಬಿಪಿ, ಶುಗರ್‌ಗೆ ಫೋನಲ್ಲಿ ಡಾಕ್ಟರನ್ನು ಕೇಳೋಕೆ ಒಪ್ತಿಲ್ಲ, ಏನು ಮಾಡಲಿ ಅಂದಿದ್ದೀರಿ. ನಮ್ಮ ಮಧುಗಿರಿ ಮನೆಯಲ್ಲೂ ಇದೇ ಕಥೆ. "ಕೈ ಹಿಡಿದು ನೋಡದೆ ಅದೆಂಥ ಡಾಕ್ಟ್ರು" ಅನ್ನೋರು ಅಮ್ಮ. ಮೊದಲ ಸಲ ವಿಡಿಯೊ ಕಾಲ್‌ನಲ್ಲಿ ಫೋನನ್ನು ಕಿವಿಗೇ ಒತ್ತಿಕೊಂಡರು. ಪಾಪ, ಡಾಕ್ಟರಿಗೆ ಕಂಡದ್ದು ಓಲೆ ಮಾತ್ರ!

ಆಮೇಲೆ ಹತ್ತಿರದ ಆರೋಗ್ಯ ಕೇಂದ್ರಕ್ಕೇ ಕರೆದೊಯ್ದೆ. ಸಿಸ್ಟರ್ ಬಿಪಿ ನೋಡಿ, ಬೆರಳು ಚುಚ್ಚಿ, ಇ-ಸಂಜೀವಿನಿ ಅನ್ನೋ ವಿಡಿಯೊ ಕಾಲ್ ಸೇವೆಯಲ್ಲಿ ಡಾಕ್ಟರ ಜೊತೆ ಮಾತಾಡಿಸಿದರು. ಪಕ್ಕದಲ್ಲಿ ಒಬ್ಬರು ಕೂತದ್ದೇ ಅಮ್ಮನಿಗೆ ಧೈರ್ಯ. ಈ ಸೇವೆ ಸರ್ಕಾರದ್ದು, ದುಡ್ಡು ಕೊಡಬೇಕಿಲ್ಲ. ಮನೆಯಿಂದಲೂ ಆಗುತ್ತೆ, ಒಟಿಪಿ ಬರುವ ಮೊಬೈಲ್ ಬೇಕು. ಹೀಗೆ ಬರೆದುಕೊಟ್ಟ ಔಷಧಿ ಚೀಟಿ ನಡೆಯುತ್ತಾ ಅಂತ ಅನುಮಾನ ಬೇಡ, 2020ರ ಮಾರ್ಚ್‌ನಲ್ಲೇ ಇದಕ್ಕೆ ಕೇಂದ್ರ ಸರ್ಕಾರದ ಮಾರ್ಗಸೂಚಿ ಬಂದಿದೆ. ಶುಗರ್ ಇರೋರಿಗೆ ಕಾಲಲ್ಲಿ ಹುಣ್ಣಾದರೆ ಮಾತ್ರ ಫೋನ್ ಹಿಡಿದು ಕೂರಬೇಡಿ, ಸೀದಾ ಆಸ್ಪತ್ರೆ. ಎದೆನೋವಿಗೆ 108.